ಕೊಂಬಿಯ ಹೊಗೆ

(ಬಹ್ರೈನಿನ ಸಲ್ಮಾಬಾದ್‌ನಲ್ಲಿ ಒಂದು ಗ್ಯಾರೇಜು. ಉಡುಪಿ ಕಡೆಯ ಹಿರಿಯ ಮೇಸ್ತ್ರಿ, ಮೈಸೂರು ಕಡೆಯ ವ್ಯಾನ್ ಮಾಲೀಕ. ಇಬ್ಬರ ನಡುವೆ 1972ರ ಫೋಕ್ಸ್‌ವ್ಯಾಗನ್ ಟೈಪ್ 2 ವ್ಯಾನು, ಹಲವು ದೇಶಗಳಲ್ಲಿ ಕೊಂಬಿ ಎಂದು ಕರೆಯುವ ಗಾಡಿ.)

ಮಾಲೀಕ: ಅಣ್ಣ, ಕ್ಯಾಟಲಿಟಿಕ್ ಕನ್ವರ್ಟರ್ ನಾನೇ ತರಿಸಿಕೊಡ್ತೀನಿ. ನೀವು ಸೈಲೆನ್ಸರ್ ಪೈಪ್ ಕೊಯ್ದು ನಡುವೆ ವೆಲ್ಡ್ ಮಾಡಿಕೊಟ್ಟರೆ ಸಾಕು. ಇವತ್ತೇ ಮುಗಿಯುತ್ತಲ್ವಾ?

ಮೇಸ್ತ್ರಿ: ವೆಲ್ಡಿಂಗ್ ಎಂತ ದೊಡ್ಡ ಕೆಲಸ ಅಲ್ಲ ಮಾರಾಯ್ರೆ. ಆದರೆ ಇವತ್ತು ಮಾಡುವುದಿಲ್ಲ. ಈ ಇಂಜಿನ್ ಈಗ ಇರುವ ಹಾಗೆಯೇ ಕ್ಯಾಟ್ ಕೂರಿಸಿದರೆ ಬರುವ ಜುಲೈ, ಆಗಸ್ಟ್ ದಾಟುವುದರೊಳಗೆ ಒಳಗಿನ ಜಾಲರಿ ಕರಗಿ ಮುದ್ದೆ ಆಗ್ತದೆ. ಹೊಗೆಗೆ ದಾರಿ ಇಲ್ಲದೆ ಇಂಜಿನ್ ಉಸಿರುಗಟ್ಟುತ್ತದೆ. ನಿಮ್ಮ ದುಡ್ಡೂ ಹೋಯ್ತು, ಕೆಲಸವೂ ಆಗಲಿಲ್ಲ. ಮೊದಲು ಇದು ಹೇಳಿ, ಕ್ಯಾಟ್ ಯಾಕೆ ಬೇಕು? ಗಾಡಿ ಪಾಸಿಂಗ್ ತಪಾಸಣೆಯಲ್ಲಿ ಯಾರಾದರೂ ಕೇಳಿದರಾ?

ಮಾಲೀಕ: ಯಾರೂ ಕೇಳಿಲ್ಲ. ಗುದೈಬಿಯಾದಲ್ಲಿ ನಮ್ಮ ಮನೆ ಇರೋ ಗಲ್ಲಿ ನೋಡಿದ್ದೀರಲ್ಲ, ಎರಡು ಗಾಡಿ ಎದುರುಬದುರಾದರೆ ಒಂದು ಹಿಂದೆ ಸರೀಬೇಕು. ಕೆಳಗಿನ ಮನೆಯವರ ಕಿಟಕಿ ಸರಿಯಾಗಿ ನನ್ನ ಸೈಲೆನ್ಸರ್ ಎತ್ತರದಲ್ಲೇ ಇದೆ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದರೆ ಆ ಮನೆಯ ಮಗು ಕೆಮ್ಮೋದು ಕೇಳಿಸುತ್ತೆ. ಅದಲ್ಲದೆ ಕನ್ನಡ ಭವನದಲ್ಲಿ ನಾಟಕದ ತಾಲೀಮು ಇದ್ದಾಗ ಮಕ್ಕಳನ್ನೆಲ್ಲ ಇದರಲ್ಲೇ ಕರ್ಕೊಂಡು ಹೋಗ್ತೀನಿ. ಇಳಿಯೋ ಹೊತ್ತಿಗೆ ಅವರ ಬಟ್ಟೆಯೆಲ್ಲ ಪೆಟ್ರೋಲ್ ವಾಸನೆ.

ಮೇಸ್ತ್ರಿ: ಇದು ಸರಿಯಾದ ಕಾರಣ. ಕಾನೂನು ಕೇಳಿದ್ದಕ್ಕೆ ಕ್ಯಾಟ್ ಹಾಕಿಸುವವರು ಪಾಸಿಂಗ್ ಮುಗಿದ ಮರುದಿನ ಅದನ್ನು ಮರೆಯುತ್ತಾರೆ. ನೀವು ಮರೆಯಲಿಕ್ಕಿಲ್ಲ. ಆದರೆ ಮಕ್ಕಳ ಬಟ್ಟೆಗೆ ವಾಸನೆ ಹಿಡಿಯುವುದಕ್ಕೆ ಕ್ಯಾಟ್ ಮದ್ದಲ್ಲ. ಈ ಗಾಡಿಯ ಹಿಂದಿನ ಬಾಗಿಲಿನ ರಬ್ಬರ್ ನೋಡಿ, ಬೆರಳು ಇಟ್ಟರೆ ಪುಡಿಯಾಗ್ತದೆ. ಓಡುವಾಗ ಡಬ್ಬಿಯಂತಹ ಗಾಡಿಯ ಬೆನ್ನ ಹಿಂದೆ ಗಾಳಿ ಸುತ್ತು ಹೊಡೆಯುತ್ತದೆ, ಮುಂದಿನ ಕಿಟಕಿ ತೆರೆದರೆ ಆ ಹೊಗೆ ಹಿಂದಿನಿಂದ ಒಳಗೆ ಬರ್ತದೆ. ವಾಸನೆ ಬರುವುದು ಉರಿಯದೆ ಉಳಿದ ಪೆಟ್ರೋಲಿನದ್ದು. ಅದರ ಜೊತೆಗೆ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ, ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದು ಕೂತುಬಿಡ್ತದೆ. ಹಾಗಾಗಿ ಮಕ್ಕಳನ್ನು ಕೂರಿಸುವ ಮೊದಲು ಆ ರಬ್ಬರ್. ಅದಕ್ಕೆ ನಾಳೆ, ನಾಡಿದ್ದು ಎನ್ನಬೇಡಿ.

ಮಾಲೀಕ: ಆಗಲಿ, ಅದು ಇವತ್ತೇ ಆಗಲಿ. ಆದರೆ ಜಾಲರಿ ಕರಗುತ್ತೆ ಅಂದಿರಲ್ಲ, ಯಾಕೆ? ಕ್ಯಾಟ್ ಅಂದರೆ ಹೊಗೆ ಸೋಸೋ ಫಿಲ್ಟರ್ ತಾನೇ?

ಮೇಸ್ತ್ರಿ: ಅಲ್ಲ. ಫಿಲ್ಟರ್ ಕಸವನ್ನು ಹಿಡಿದಿಡ್ತದೆ. ಇದು ಏನನ್ನೂ ಹಿಡಿದಿಡುವುದಿಲ್ಲ, ಅಲ್ಲೇ ಸುಟ್ಟು ಬದಲಾಯಿಸ್ತದೆ. ಸ್ಟೀಲ್ ಡಬ್ಬಿಯೊಳಗೆ ಸೆರಾಮಿಕ್ಕಿನ ಜೇನುಗೂಡು ಉಂಟು, ಸಾವಿರಾರು ಸಣ್ಣ ಕೊಳವೆ. ಅದರ ಗೋಡೆಗೆ ಅಲ್ಯೂಮಿನಾ ಲೇಪ, ಆ ಲೇಪದ ಮೇಲೆ ಕೆಲವೇ ಗ್ರಾಂ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ. ಕಾರ್ಬನ್ ಮೊನಾಕ್ಸೈಡ್ ಬಂದರೆ ಆಮ್ಲಜನಕ ಸೇರಿಸಿ ಕಾರ್ಬನ್ ಡೈಆಕ್ಸೈಡ್ ಮಾಡ್ತದೆ. ಅರೆಬೆಂದ ಪೆಟ್ರೋಲ್ ಬಂದರೆ ನೀರಾವಿ, ಕಾರ್ಬನ್ ಡೈಆಕ್ಸೈಡ್ ಮಾಡ್ತದೆ. ನೈಟ್ರೋಜನ್ ಆಕ್ಸೈಡ್ ಬಂದರೆ ಅದರ ಆಮ್ಲಜನಕ ಕಿತ್ತು ಬರೀ ನೈಟ್ರೋಜನ್ ಹೊರಗೆ ಬಿಡ್ತದೆ. ಇದೆಲ್ಲ ಆಗಲಿಕ್ಕೆ ಅದು ಮೊದಲು 250ರಿಂದ 300 ಡಿಗ್ರಿ ಬಿಸಿ ಆಗಬೇಕು. ಕಾವಲಿ ಕಾಯುವ ಮೊದಲು ಹಿಟ್ಟು ಹೊಯ್ದರೆ ದೋಸೆ ಏಳ್ತದಾ? ಹಾಗೆ. ಕಾದ ಮೇಲೆ ಮತ್ತೆ ಅದರದ್ದೇ ಬಿಸಿ. ಹೊಗೆಯಲ್ಲಿ ಒಂದು ಶೇಕಡಾ ಕಾರ್ಬನ್ ಮೊನಾಕ್ಸೈಡ್ ಹೆಚ್ಚಾಗಿ ಬಂದು ಅಲ್ಲಿ ಉರಿದರೆ ಬಿಸಿ ಮತ್ತೂ ಹತ್ತಿರಹತ್ತಿರ ನೂರು ಡಿಗ್ರಿಯಷ್ಟು ಏರ್ತದೆ. ಒಂದು ಸಿಲಿಂಡರ್ ಮಿಸ್ ಹೊಡೆದು ಹಸಿ ಪೆಟ್ರೋಲೇ ಬಂದರೆ ಕೇಳುವುದೇ ಬೇಡ. ಸಾವಿರ ಡಿಗ್ರಿ ದಾಟಿದರೆ ಲೇಪ ಹಾಳು, ಇನ್ನೂ ಏರಿದರೆ ಸೆರಾಮಿಕ್ಕೇ ಕರಗ್ತದೆ.

ಮಾಲೀಕ: ಅಂದರೆ ನನ್ನ ಇಂಜಿನ್ ಅಷ್ಟು ಪೆಟ್ರೋಲ್ ಹೊರಗೆ ಚೆಲ್ಲುತ್ತಾ ಇದೆಯಾ?

ಮೇಸ್ತ್ರಿ: ಪೈಪಿನ ತುದಿಗೆ ಬೆರಳು ಹಾಕಿ ನೋಡಿ, ಕಪ್ಪು ಮಸಿ. ಇದು ಸೊಲೆಕ್ಸ್ ಕಾರ್ಬೊರೇಟರ್. ಚೋಕ್ ಕರೆಂಟಿನಲ್ಲಿ ಬಿಸಿಯಾಗಿ ತಾನೇ ತೆರೆಯಬೇಕು, ನಿಮ್ಮದು ಅರ್ಧದಲ್ಲೇ ನಿಂತಿದೆ. ಶಮಾಲ್ ಗಾಳಿ ಬೀಸಿದ ಮೇಲೆ ಏರ್ ಕ್ಲೀನರ್ ಬಿಚ್ಚಿಯೇ ಇಲ್ಲ ನೀವು. ಧೂಳಿನಿಂದ ಗಾಳಿ ಕಡಿಮೆ ಆದರೆ ಪೆಟ್ರೋಲ್ ಜಾಸ್ತಿ ಆದ ಹಾಗೆಯೇ. ಇಗ್ನಿಷನ್ ಪಾಯಿಂಟ್ ಸವೆದಿದೆ, ಆಗಾಗ ಒಂದು ಕಿಡಿ ತಪ್ಪುತ್ತದೆ. ನಿಮಗೆ ಕೇಳುವುದಿಲ್ಲ, ನನಗೆ ಕೇಳ್ತದೆ.

ಮಾಲೀಕ: ಅವನ್ನೆಲ್ಲ ಸರಿಮಾಡಿದರೆ ಕ್ಯಾಟ್ ಹಾಕಬಹುದಲ್ಲ?

ಮೇಸ್ತ್ರಿ: ಹಾಕಬಹುದು. ಆದರೆ ಅಲ್ಲಿ ಇನ್ನೊಂದು ದೊಡ್ಡ ತೊಡಕು ಉಂಟು. ಮೂರು ವಿಷವನ್ನೂ ಒಟ್ಟಿಗೆ ತೆಗೆಯುವ ಕ್ಯಾಟಿಗೆ ಗಾಳಿ ಪೆಟ್ರೋಲಿನ ಲೆಕ್ಕ ಬಹಳ ಕಟ್ಟುನಿಟ್ಟು. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ. ಪೆಟ್ರೋಲ್ ಜಾಸ್ತಿಯಾದರೆ ಕಾರ್ಬನ್ ಮೊನಾಕ್ಸೈಡ್ ಸುಡಲಿಕ್ಕೆ ಆಮ್ಲಜನಕ ಇರುವುದಿಲ್ಲ. ಗಾಳಿ ಜಾಸ್ತಿಯಾದರೆ ನೈಟ್ರೋಜನ್ ಆಕ್ಸೈಡ್ ಹಾಗೇ ಹೊರಗೆ ಹೋಗ್ತದೆ. ಹೊಸ ಕಾರಿನಲ್ಲಿ ಆಕ್ಸಿಜನ್ ಸೆನ್ಸರ್ ಹೊಗೆಯ ರುಚಿ ನೋಡಿ ಕಂಪ್ಯೂಟರಿಗೆ ಹೇಳ್ತದೆ, ಅದು ಕ್ಷಣಕ್ಷಣಕ್ಕೂ ಪೆಟ್ರೋಲ್ ತಿದ್ದುತ್ತದೆ. ನಿಮ್ಮದರಲ್ಲಿ ತಿದ್ದುವವರು ಯಾರು? ಹಿತ್ತಾಳೆಯ ಜೆಟ್ ಒಂದು, ಅದರ ತೂತು ಚಳಿಗೂ ಅಷ್ಟೇ, ಸೆಕೆಗೂ ಅಷ್ಟೇ.

ಮಾಲೀಕ: ಹಾಗಾದರೆ ಜೆಟ್ ಸಣ್ಣದು ಹಾಕಿ 14.7ಕ್ಕೆ ತಂದುಬಿಡಿ.

ಮೇಸ್ತ್ರಿ: ತಂದರೆ ಇಂಜಿನ್ ಸಾಯ್ತದೆ. ಇದು ಗಾಳಿಯಿಂದ ತಣಿಯುವ ಇಂಜಿನ್, ರೇಡಿಯೇಟರ್ ಇಲ್ಲ, ನೀರಿಲ್ಲ. ಜೋರು ಆಕ್ಸಲರೇಟರ್ ಒತ್ತಿದಾಗ ಇದಕ್ಕೆ ಸ್ವಲ್ಪ ಜಾಸ್ತಿ ಪೆಟ್ರೋಲ್ ಕೊಟ್ಟೇ ತಣ್ಣಗೆ ಇಡುವುದು. ಆ ಹೊತ್ತಿಗೆ ಲೆಕ್ಕ 12.5, 13ರ ಸುತ್ತ ಇರಬೇಕು. ಕಾಸ್‌ವೇ ಸೇತುವೆ ಮೇಲೆ ಸೌದಿ ಕಡೆಗೆ ಹೋಗುವಾಗ ಎದುರುಗಾಳಿ ಇದ್ದರೆ ಎಂತ ಮಾಡ್ತೀರಿ? 25 ಕಿಲೋಮೀಟರ್ ಉದ್ದಕ್ಕೂ ಕಾಲು ಎತ್ತುವುದಿಲ್ಲ. ಹೊರಗೆ 45 ಡಿಗ್ರಿ, ಇಂಜಿನಿಗೆ ಇರುವುದು 50ರ ಆಸುಪಾಸು ಹಾರ್ಸ್‌ಪವರ್, ಅದರಲ್ಲಿ ತೆಳು ಮಿಶ್ರಣ ಹೋದರೆ ಸಿಲಿಂಡರ್ ಹೆಡ್ ಕೆಂಪಾಗ್ತದೆ. ಎಕ್ಸಾಸ್ಟ್ ವಾಲ್ವ್ ತಲೆ ಮುರಿದು ಪಿಸ್ಟನ್ ಮೇಲೆ ಬೀಳ್ತದೆ. ಕ್ಯಾಟಿಗೆ ಬೇಕಾದ್ದು ಒಂದು, ಇಂಜಿನಿಗೆ ಬೇಕಾದ್ದು ಇನ್ನೊಂದು. ಹಳೆಯ ಗಾಡಿಗೆ ಕ್ಯಾಟ್ ಹಾಕುವ ಕಷ್ಟವೆಲ್ಲ ಇರುವುದು ಇಲ್ಲಿ, ಪೈಪಿನಲ್ಲಿ ಅಲ್ಲ.

ಮಾಲೀಕ: ಹಾಗಿದ್ದ ಮೇಲೆ ಕಾರ್ಬೊರೇಟರ್ ಗಾಡಿಗೆ ಕ್ಯಾಟ್ ಹಾಕಿದವರೇ ಇಲ್ಲವಾ?

ಮೇಸ್ತ್ರಿ: ಇಲ್ಲದೆ ಎಂತ! ನಾನು ಗಲ್ಫಿಗೆ ಬರುವ ಮೊದಲು ಮುಂಬಯಿಯ ಗ್ಯಾರೇಜಿನಲ್ಲಿದ್ದೆ. 1995ರ ಏಪ್ರಿಲ್‌ನಿಂದ ಮುಂಬಯಿ, ದೆಹಲಿ, ಕೋಲ್ಕತ್ತ, ಚೆನ್ನೈಗಳಲ್ಲಿ ಹೊಸ ಪೆಟ್ರೋಲ್ ಕಾರಿಗೆ ಕ್ಯಾಟ್ ಕಡ್ಡಾಯ ಆಯ್ತು, ಸೀಸ ಇಲ್ಲದ ಪೆಟ್ರೋಲೂ ಬಂತು. ಆಗಿನ ಮಾರುತಿ 800ರಲ್ಲಿ ಕಾರ್ಬೊರೇಟರೇ ಇತ್ತು, ಕೆಳಗೆ ಕ್ಯಾಟ್. ಸೆನ್ಸರ್ ಇಲ್ಲದ ಅಂಥ ಕ್ಯಾಟ್ ಅರ್ಧದಷ್ಟು ವಿಷ ತೆಗೆದರೆ ದೊಡ್ಡದು. ಸೆನ್ಸರ್ ಇದ್ದದ್ದು ನೂರರಲ್ಲಿ 90ಕ್ಕಿಂತ ಮೇಲೆ ತೆಗೀತದೆ. ಆದರೂ ಅರ್ಧ ಅಂದರೆ ಕಡಿಮೆಯಾ? ಇಡೀ ಊರಿನ ಅಂಥ ಕಾರುಗಳ ವಿಷದಲ್ಲಿ ಅರ್ಧ ಅದು. ಬೇಸರದ ಸಂಗತಿ ಎಂತ ಅಂದರೆ, ಆ ಕಾರುಗಳು ಮಹಾನಗರ ಬಿಟ್ಟು ಊರಿಗೆ ಬಂದಾಗ ಅಲ್ಲಿನ ಬಂಕಿನಲ್ಲಿ ಸೀಸದ ಪೆಟ್ರೋಲೇ ಇತ್ತು. ದೇಶಕ್ಕೆಲ್ಲ ಸೀಸವಿಲ್ಲದ್ದು ಬಂದದ್ದು 2000ದ ಫೆಬ್ರವರಿಯಲ್ಲಿ. ಅಷ್ಟರೊಳಗೆ ಎಷ್ಟೋ ಕ್ಯಾಟ್‌ಗಳ ಮೇಲೆ ಸೀಸ ಕೂತು ಅವು ಬರೀ ಡಬ್ಬಿ ಆಗಿದ್ದವು. ಪಿಕಪ್ ಕಡಿಮೆ ಅಂತ ಜಾಲರಿ ಕುಟ್ಟಿ ತೆಗೆದು ಖಾಲಿ ಡಬ್ಬಿ ವಾಪಸು ಜೋಡಿಸುವವರೂ ಇದ್ದರು. ಆ ಕೆಲಸ ನನಗೆ ಯಾವತ್ತೂ ಒಪ್ಪಿಗೆ ಆಗಲಿಲ್ಲ.

ಮಾಲೀಕ: ಸೀಸದ ಕತೆ ನಾನೂ ಓದಿದ್ದೀನಿ ಅಣ್ಣ. ಯೂಜೀನ್ ಹೂಡ್ರಿ ಅಂತ ಒಬ್ಬ ಫ್ರೆಂಚ್ ಇಂಜಿನಿಯರ್, ರೇಸ್ ಕಾರುಗಳ ಹುಚ್ಚು ಇದ್ದವನು. ಕಚ್ಚಾ ಎಣ್ಣೆಯಿಂದ ಕ್ಯಾಟಲಿಸ್ಟ್ ಬಳಸಿ ಒಳ್ಳೇ ಪೆಟ್ರೋಲ್ ತೆಗೆಯೋದನ್ನ ಅಮೆರಿಕದಲ್ಲಿ ದೊಡ್ಡ ಪ್ರಮಾಣದಲ್ಲಿ ಶುರು ಮಾಡಿದ್ದು ಅವನೇ, 1930ರ ದಶಕದಲ್ಲಿ. ಇಲ್ಲಿ ಸಿತ್ರಾದ ರಿಫೈನರಿ ಶುರುವಾಗಿದ್ದೂ ಅದೇ ಕಾಲಕ್ಕೆ, 1936ರಲ್ಲಿ. ಜೆಬೆಲ್ ದುಖಾನ್ ಗುಡ್ಡದ ಬುಡದಲ್ಲಿ ಎಣ್ಣೆ ಸಿಕ್ಕಿ ಆಗಿನ್ನೂ ನಾಲ್ಕು ವರ್ಷ. ಮುಂದೆ ಲಾಸ್ ಏಂಜಲೀಸ್ ಹೊಗೆ ಮಂಜಿನಲ್ಲಿ ಮುಳುಗಿದಾಗ ಅದೇ ಹೂಡ್ರಿ ಕಾರಿನ ಹೊಗೆ ಸುಡೋ ಕನ್ವರ್ಟರ್ ಮಾಡಿದ. ಪೆಟ್ರೋಲಿನ ಸೀಸ ಅದನ್ನ ಕೊಂದುಹಾಕ್ತಿತ್ತು, ಹಾಗಾಗಿ ಕಾರುಗಳಿಗೆ ಅದು ಬರಲೇ ಇಲ್ಲ. 1962ರಲ್ಲಿ ತೀರಿಕೊಂಡ. ಅಮೆರಿಕದ ಕಾರುಗಳಿಗೆ ಕ್ಯಾಟ್ ಬಂದಿದ್ದು 1975ರ ಮಾಡೆಲ್‌ನಿಂದ. ಪೆಟ್ರೋಲ್ ಮಾಡೋದನ್ನ ಕಲಿಸಿದವನೇ ಅದರ ವಿಷ ತೆಗೆಯೋದನ್ನೂ ಹುಡುಕಿದ. ಅವನ ಕಾಲದಲ್ಲಿ ಅದಕ್ಕೆ ಬೆಲೆ ಸಿಗಲಿಲ್ಲ ಅನ್ನೋದು ನೆನೆದರೆ ಸಂಕಟ ಆಗುತ್ತೆ.

ಮೇಸ್ತ್ರಿ: ಸೀಸದ ಪೆಟ್ರೋಲ್ ಲೋಕದಲ್ಲಿ ಕೊನೆಗೆ ನಿಂತದ್ದು 2021ರಲ್ಲಿ, ಅಲ್ಜೀರಿಯಾದಲ್ಲಿ. ಇಲ್ಲಿಯ ಬಂಕಿನಲ್ಲಿ ಜಯ್ಯಿದ್ ಪೆಟ್ರೋಲ್ ಹಾಕಿಸಿ, ಮುಮ್ತಾಜ್ ಹಾಕಿಸಿ, ಸೀಸದ ಭಯ ಇಲ್ಲ. ಆದರೆ ನಿಮ್ಮ ಈ ಸೈಲೆನ್ಸರ್ ಸೀಸದ ಕಾಲದ್ದೇ ಆದರೆ ಅದರ ಒಳಗೋಡೆಯಲ್ಲಿ ಅಂಟಿದ ಪುಡಿ ಇನ್ನೂ ಇರಬಹುದು. ಹಳೆಯ ಪೈಪಿಗೆ ಹೊಸ ಕ್ಯಾಟ್ ಬೇಡ.

ಮಾಲೀಕ: ಈ ಇಂಜಿನ್ನಿಗೆ ಸರಿಯಾಗಿ ಕ್ಯಾಟ್ ಕೂರಿಸಿದವರು ಎಲ್ಲಾದರೂ ಇದ್ದಾರಾ? ಅದು ಹೇಳಿ. ಇದ್ದರೆ ನನಗೂ ಧೈರ್ಯ.

ಮೇಸ್ತ್ರಿ: ಕಂಪನಿಯೇ ಕೂರಿಸಿದೆ. ಮೆಕ್ಸಿಕೋದಲ್ಲಿ ಬೀಟಲ್ ಕಾರು 2003ರ ಜುಲೈವರೆಗೂ ತಯಾರಾಗ್ತಾ ಇತ್ತು, ಪುಯೆಬ್ಲಾ ಅಂತ ಊರು. ಅದರಲ್ಲಿದ್ದದ್ದು ಇದೇ ಜಾತಿಯ 1600 ಸಿ.ಸಿ. ಗಾಳಿ ತಣಿಸುವ ಇಂಜಿನ್. ಮೆಕ್ಸಿಕೋ ನಗರದ ಗಾಳಿ ತೀರಾ ಕೆಟ್ಟು, 1993ರ ಬೀಟಲಿಗೆ ಕಾರ್ಬೊರೇಟರ್ ಬಿಟ್ಟು ಇಂಜೆಕ್ಷನ್ ಹಾಕಿದರು. ಆಕ್ಸಿಜನ್ ಸೆನ್ಸರ್, ಮೂರು ವಿಷದ ಕ್ಯಾಟ್ ಎಲ್ಲ ಸೇರಿಸಿ ಕೊಟ್ಟರು. ಸಾಧಾರಣ ವೇಗದಲ್ಲಿ ಕಂಪ್ಯೂಟರ್ ಲೆಕ್ಕವನ್ನು 14.7ರಲ್ಲಿ ಹಿಡೀತದೆ, ಪೂರ್ತಿ ಒತ್ತಿದಾಗ ಇಂಜಿನ್ ಉಳಿಯಲಿಕ್ಕೆ ಬೇಕಾದಷ್ಟು ಪೆಟ್ರೋಲ್ ಬಿಡ್ತದೆ. ಊರೊಳಗೆ ಕ್ಯಾಟಿಗೆ ಬೇಕಾದ್ದು, ಹೆದ್ದಾರಿಯ ಏರಿನಲ್ಲಿ ಇಂಜಿನಿಗೆ ಬೇಕಾದ್ದು. ನಿಮಗೆ ಅದೇ ದಾರಿ. ಈ ಇಂಜಿನ್ನಿಗೆ ಹೊಂದುವ ಇಂಜೆಕ್ಷನ್ ಕಿಟ್ ಈಗ ಹೊರಗಿನಿಂದ ತರಿಸಲಿಕ್ಕೆ ಆಗ್ತದೆ.

ಮಾಲೀಕ: ಕಾರ್ಬೊರೇಟರ್ ತೆಗೆದರೆ ಗಾಡಿಯ ಹಳೇತನ ಹೋಗಲ್ವಾ? ಹ್ಯಾನೋವರ್ ಫ್ಯಾಕ್ಟರಿಯಿಂದ ಬಂದ ಹಾಗೇ ಉಳಿಸಬೇಕು ಅಂತ ನನ್ನ ಆಸೆ.

ಮೇಸ್ತ್ರಿ: ಬಿಚ್ಚಿದ್ದನ್ನು ಎಣ್ಣೆ ಹಚ್ಚಿ, ಸುತ್ತಿ, ನಿಮ್ಮ ಕೈಗೇ ಕೊಡ್ತೇನೆ. ಯಾವತ್ತು ಬೇಕಾದರೂ ವಾಪಸು ಜೋಡಿಸಬಹುದು. ಗಾಡಿಯ ಬಾಡಿ ಕೊಯ್ಯುವುದಿಲ್ಲ, ಹೊಸ ತೂತು ಕೊರೆಯುವುದಿಲ್ಲ. ಅದು ನನ್ನ ಶರತ್ತು. ಆದರೆ ಹಳೆಯ ಗಾಡಿಯನ್ನು ಪ್ರೀತಿಸುವುದು ಅಂದರೆ ಅದರ ಹೊಗೆಯನ್ನೂ ಹಾಗೇ ಕಾಪಾಡುವುದು ಅಂತ ನಾನು ಒಪ್ಪುವುದಿಲ್ಲ ಮಾರಾಯ್ರೆ. ನಮ್ಮ ಈ ಹುಡುಗರನ್ನು ನೋಡಿ. ಬೆಳಿಗ್ಗೆಯಿಂದ ಸಂಜೆವರೆಗೆ ಸೈಲೆನ್ಸರಿನ ಎದುರಲ್ಲೇ ಇವರ ಮೂಗು. ಊರಿಗೆ ದುಡ್ಡು ಕಳಿಸಲಿಕ್ಕೆ ಬಂದವರು, ಎದೆ ತುಂಬಾ ಹೊಗೆ ಹೊತ್ತುಕೊಂಡು ವಾಪಸು ಹೋಗಬಾರದು. ಯಾವ ಗಾಡಿ ಒಳಗೆ ಬಂದರೂ ಸ್ಟಾರ್ಟ್ ಮಾಡುವ ಮೊದಲು ಶಟರ್ ಪೂರ್ತಿ ಎತ್ತಿಸ್ತೇನೆ.

ಮಾಲೀಕ: ನನ್ನ ಗಲ್ಲಿಯ ಮಗು ಅಂತ ಮಾತ್ರ ಯೋಚಿಸ್ತಿದ್ದೆ. ನಿಮ್ಮ ಹುಡುಗರು ನನ್ನ ಲೆಕ್ಕದಲ್ಲೇ ಇರಲಿಲ್ಲ. ಆಗಲಿ, ಇಂಜೆಕ್ಷನ್ನಿಗೆ ಒಪ್ಪಿದೆ. ಇನ್ನು ಕ್ಯಾಟ್ ಎಲ್ಲಿ ಕೂರಿಸ್ತೀರಿ? ಕೆಳಗೆ ಬಗ್ಗಿ ನೋಡಿದರೆ ಜಾಗವೇ ಕಾಣಲ್ಲ.

ಮೇಸ್ತ್ರಿ: ಜಾಗ ಇಕ್ಕಟ್ಟೇ. ಇದರ ಮೂಲ ಸೈಲೆನ್ಸರಿನಲ್ಲಿ ನಾಲ್ಕೂ ಸಿಲಿಂಡರಿನ ಹೊಗೆ ಒಂದಾಗುವುದು ಡಬ್ಬಿಯ ಒಳಗೇ. ಒಂದೇ ಪೈಪ್ ಸಿಗುವುದು ಅದರ ಆಚೆಗೆ, ತುದಿಯಲ್ಲಿ. ಅಲ್ಲಿ ಕ್ಯಾಟ್ ಹಾಕಿದರೆ ಹೊಗೆ ಆಗಲೇ ತಣಿದಿರ್ತದೆ, ಕ್ಯಾಟ್ ಎಚ್ಚರ ಆಗಲಿಕ್ಕೆ ತಡ. ಈ ದ್ವೀಪದಲ್ಲಿ ನಮ್ಮ ಓಡಾಟ ಎಲ್ಲ ಸಣ್ಣ ದೂರದ್ದು. ಗುದೈಬಿಯಾದಿಂದ ಮನಾಮಾ ಪೇಟೆಗೆ ಹೋಗುವಷ್ಟರಲ್ಲಿ ಅದು ಬಿಸಿಯೇ ಆಗದಿದ್ದರೆ ಎಂತ ಪ್ರಯೋಜನ? ಹಾಗಾಗಿ ನಾಲ್ಕು ಪೈಪ್ ಮೊದಲು ಒಂದಾಗುವ ಹೆಡರ್ ಹಾಕಬೇಕು, ಒಂದಾದ ಕೂಡಲೇ ಸೆನ್ಸರ್, ಅದರ ಬೆನ್ನಿಗೇ ಕ್ಯಾಟ್, ಆಮೇಲೆ ಸೈಲೆನ್ಸರ್. ಸೆನ್ಸರಿಗೆ ಮುಂಚೆ ಎಲ್ಲೂ ಸೋರಿಕೆ ಇರಬಾರದು. ಗ್ಯಾಸ್ಕೆಟ್‌ನಲ್ಲಿ ಕೂದಲೆಳೆ ಬಿರುಕಿದ್ದರೂ ಹೊರಗಿನ ಗಾಳಿ ಒಳಗೆ ಎಳೆದುಕೊಂಡು, ಸೆನ್ಸರ್ ಮೋಸ ಹೋಗಿ, ಕಂಪ್ಯೂಟರ್ ಪೆಟ್ರೋಲ್ ಸುರೀತದೆ. ಮತ್ತೆ ಜಾಲರಿ ಕರಗುವ ಕತೆಯೇ. ಸೆನ್ಸರನ್ನು ಮೇಲ್ಮುಖವಾಗಿ ಓರೆಗೆ ಕೂರಿಸ್ತೇನೆ, ಪೈಪಿನಲ್ಲಿ ಕಟ್ಟುವ ನೀರು ಅದರ ಮೇಲೆ ನಿಲ್ಲಬಾರದು.

ಮಾಲೀಕ: ಪೈಪಿಗೆ ಮಾಮೂಲಿ ಕಬ್ಬಿಣ ಸಾಕಾ?

ಮೇಸ್ತ್ರಿ: ಬೇಡ, ಸ್ಟೇನ್‌ಲೆಸ್. ಸುತ್ತ ಸಮುದ್ರ, ಗಾಳಿಯಲ್ಲೇ ಉಪ್ಪು. ಮೈಲ್ಡ್ ಸ್ಟೀಲ್ ಇಲ್ಲಿ ಬೇಗ ತೂತು ಬೀಳ್ತದೆ.

ಮಾಲೀಕ: ಕ್ಯಾಟಿನ ಬಿಸಿಯಿಂದ ಇಂಜಿನ್ನಿಗೆ ತೊಂದರೆ ಆಗಲ್ವಾ? ಅಷ್ಟು ಹತ್ತಿರ ಕೂರಿಸ್ತೀರಲ್ಲ. ನಮ್ಮ ಕಡೆ ರಸ್ತೆಯಲ್ಲಿ ಹುರುಳಿ ಸೊಪ್ಪು ಹರಡಿ ಒಕ್ಕಣೆ ಮಾಡ್ತಾರೆ. ಅದರ ಮೇಲೆ ಹೋದ ಕಾರುಗಳಿಗೆ ಅಡಿಯಲ್ಲಿ ಸೊಪ್ಪು ಸುತ್ತಿಕೊಂಡು ಬೆಂಕಿ ಹತ್ತಿದ್ದನ್ನ ಪೇಪರಿನಲ್ಲಿ ಓದಿದ್ದೀನಿ.

ಮೇಸ್ತ್ರಿ: ಒಳ್ಳೆಯ ಪ್ರಶ್ನೆ, ನನಗೆ ಎಲ್ಲಕ್ಕಿಂತ ಹೆದರಿಕೆ ಇರುವುದೂ ಇಲ್ಲೇ. ಈ ಇಂಜಿನ್ ಸುತ್ತ ತಗಡು ಉಂಟಲ್ಲ, ತಗಡಿಗೂ ಬಾಡಿಗೂ ನಡುವೆ ಒಂದು ರಬ್ಬರ್ ಪಟ್ಟಿ. ಮೇಲಿನ ತಣ್ಣನೆ ಗಾಳಿ ಬೇರೆ, ಕೆಳಗಿನ ಸೈಲೆನ್ಸರ್ ಬಿಸಿ ಬೇರೆ ಅಂತ ಭಾಗ ಮಾಡುವುದು ಅದು. ನಿಮ್ಮದರಲ್ಲಿ ಅರ್ಧ ಪಟ್ಟಿಯೇ ಇಲ್ಲ. ಈಗಲೇ ಫ್ಯಾನ್ ಕೆಳಗಿನ ಬಿಸಿಯನ್ನೇ ಎಳೆದು ಇಂಜಿನ್ ಮೇಲೆ ಊದ್ತಾ ಉಂಟು. ಕೆಳಗೆ ಕ್ಯಾಟ್ ಬಂದರೆ ಆ ಬಿಸಿ ಇನ್ನೂ ಜಾಸ್ತಿ. ಪಟ್ಟಿ ಹೊಸದು ಆಗಬೇಕು, ಕ್ಯಾಟಿಗೆ ಹೀಟ್ ಶೀಲ್ಡ್ ಆಗಬೇಕು. ಮತ್ತೆ ಪೆಟ್ರೋಲ್ ಟ್ಯಾಂಕ್ ಇರುವುದು ಇಂಜಿನಿನ ಮುಂದಿನ ಗೋಡೆಯ ಆಚೆ ಬದಿಯಲ್ಲೇ. ಅಲ್ಲಿಂದ ಬರುವ ರಬ್ಬರ್ ಹೋಸು ಇಲ್ಲಿಯ ಸೆಕೆಗೆ ಬೇಗ ಬಿರುಕು ಬಿಡ್ತದೆ. ಈ ವ್ಯಾನುಗಳು ಸುಟ್ಟು ಹೋಗುವುದು ಹೆಚ್ಚಾಗಿ ಆ ಹೋಸಿನಿಂದ. ಇಂಜೆಕ್ಷನ್ ಹಾಕಿದರೆ ಪೆಟ್ರೋಲ್ ಒತ್ತಡವೂ ಏರ್ತದೆ, ಕಾರ್ಬೊರೇಟರಿನ ಹೋಸು ತಡೆಯುವುದಿಲ್ಲ. ಟ್ಯಾಂಕಿನಿಂದ ಕೊನೆಯವರೆಗೆ ಇಂಜೆಕ್ಷನ್ ಹೋಸು, ಸ್ಕ್ರೂ ಕ್ಲಾಂಪು. ಒಂದು ಅಗ್ನಿಶಾಮಕ ಸಿಲಿಂಡರ್ ಡ್ರೈವರ್ ಸೀಟಿನ ಪಕ್ಕ. ಮಕ್ಕಳು ಕೂರುವ ಗಾಡಿ ಇದು, ಅಷ್ಟಾದರೂ ಬೇಡವಾ?

ಮಾಲೀಕ: ಬೇಕು, ಖಂಡಿತ ಬೇಕು. ಆಯಿಲ್ ಬಗ್ಗೆ ಏನಾದರೂ ಇದೆಯಾ? ಈ ಇಂಜಿನ್ನಿಗೆ ಜಿಂಕ್ ಇರೋ ಆಯಿಲ್ಲೇ ಹಾಕಬೇಕು ಅಂತ ಹಿಂದೆ ಹೇಳಿದ್ರಿ.

ಮೇಸ್ತ್ರಿ: ಹೌದು, ಕ್ಯಾಮ್ ಸವೆಯದಿರಲಿಕ್ಕೆ ಅದು ಬೇಕು. ಆದರೆ ಆ ಜಿಂಕಿನ ಜೊತೆ ರಂಜಕ ಉಂಟು, ಆಯಿಲ್ ಉರಿದು ಹೊಗೆಯಲ್ಲಿ ಹೋದರೆ ಕ್ಯಾಟಿನ ಲೇಪಕ್ಕೆ ಅಂಟಿ ಅದನ್ನು ಮುಚ್ಚಿಹಾಕ್ತದೆ. ಬೇರೆ ಜಾತಿಯ ಆಯಿಲ್ ಹಾಕಲಿಕ್ಕೆ ಆಗುವುದಿಲ್ಲ, ಹಾಗಾಗಿ ಇಂಜಿನ್ ಆಯಿಲ್ ಕುಡಿಯದ ಹಾಗೆ ಮಾಡಬೇಕು. ಕಂಪ್ರೆಷನ್ ನೋಡ್ತೇನೆ. ರಿಂಗ್ ಸವೆದಿದ್ದರೆ ರಿಂಗ್, ವಾಲ್ವ್ ಗೈಡ್ ಸಡಿಲ ಇದ್ದರೆ ಗೈಡ್. ಇನ್ನೊಂದು, ಸಿಲಿಕಾನ್ ಗಮ್. ನಮ್ಮ ಗ್ಯಾರೇಜುಗಳಲ್ಲಿ ಎಲ್ಲದಕ್ಕೂ ಅದನ್ನೇ ಮೆತ್ತುವ ಅಭ್ಯಾಸ. ಅದರ ಆವಿ ಇಂಜಿನ್ ಒಳಗೆ ಹೋದರೆ ಆಕ್ಸಿಜನ್ ಸೆನ್ಸರ್ ಕುರುಡಾಗ್ತದೆ. ಸೆನ್ಸರಿಗೆ ಆಗುವಂಥದ್ದು ಅಂತ ಬರೆದಿದ್ದರೆ ಮಾತ್ರ ಹಚ್ಚುವುದು. ಬೇರೆ ಎಲ್ಲಾದರೂ ರಿಪೇರಿಗೆ ಕೊಟ್ಟರೂ ನೀವೇ ನಿಂತು ಹೇಳಬೇಕು. ಯಾವ ಸಿಲಿಂಡರ್ ಸತ್ತಿದೆ ನೋಡಲಿಕ್ಕೆ ಓಡುವ ಇಂಜಿನ್ನಿನ ಪ್ಲಗ್ ವೈರ್ ಕೀಳುವುದು ನಮ್ಮಲ್ಲಿ ರೂಢಿ, ಕ್ಯಾಟ್ ಹಾಕಿದ ಮೇಲೆ ಅದೂ ಬೇಡ. ಬ್ಯಾಟರಿ ಸತ್ತರೆ ತುಂಬಾ ಹೊತ್ತು ತಳ್ಳಿ ಸ್ಟಾರ್ಟ್ ಮಾಡುವುದೂ ಬೇಡ. ಎರಡರಲ್ಲೂ ಹಸಿ ಪೆಟ್ರೋಲ್ ಕ್ಯಾಟಿಗೆ ಹೋಗ್ತದೆ.

ಮಾಲೀಕ: ಸ್ಕ್ರಾಪ್‌ನಲ್ಲಿ ಹಳೇ ಕಾರಿನ ಕ್ಯಾಟ್ ಸಿಗುತ್ತೆ ಅಂತಾರೆ. ತಗೋಬಹುದಾ?

ಮೇಸ್ತ್ರಿ: ಬೇಡ. ಒಳಗಿನ ಲೋಹಕ್ಕೆ ಬೆಲೆ ಇರುವುದರಿಂದ ಒಳ್ಳೆಯದನ್ನು ಸ್ಕ್ರಾಪ್‌ನವರು ಬಿಡುವುದಿಲ್ಲ, ಉಳಿದದ್ದು ಎಷ್ಟು ಸವೆದಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಅಲ್ಲಾಡಿಸಿದಾಗ ಗಡಗಡ ಅಂದರೆ ಜಾಲರಿ ಒಡೆದಿದೆ ಅಂತ ಗೊತ್ತಾಗ್ತದೆ, ಸದ್ದಿಲ್ಲದ್ದೆಲ್ಲ ಜೀವಂತ ಅಂತ ಅರ್ಥ ಅಲ್ಲ. 1600 ಸಿ.ಸಿ.ಗೆ ತಕ್ಕ ಗಾತ್ರದ್ದು, ಹೊಸತು, ಮೂರು ವಿಷದ್ದು. ಅದರ ಬೆಲೆ ನಿಮಗೆ ಜಾಸ್ತಿ ಅನ್ನಿಸಿದರೆ ಒಂದು ವರ್ಷ ಕಾಯಿರಿ. ಇಂಜಿನ್ ಸರಿಮಾಡಿದ್ದಕ್ಕೇ ಹೊಗೆ ಎಷ್ಟೋ ಇಳಿದಿರ್ತದೆ, ಆ ಮಗುವಿಗೆ ಅಷ್ಟು ಬೇಗ ಉಪಕಾರ ಆಯ್ತು.

ಮಾಲೀಕ: ಕಾಯೋದು ಬೇಡ ಅಣ್ಣ. ಯಾವ ಕ್ರಮದಲ್ಲಿ ಮಾಡೋಣ ಹೇಳಿ, ನಾನು ಅದಕ್ಕೆ ತಕ್ಕ ಹಾಗೆ ದುಡ್ಡು ಹೊಂದಿಸ್ತೀನಿ.

ಮೇಸ್ತ್ರಿ: ಹಿಂದಿನ ಬಾಗಿಲಿನ ರಬ್ಬರ್ ಇವತ್ತು. ಪೆಟ್ರೋಲ್ ಹೋಸು, ಇಂಜಿನ್ ಸುತ್ತಿನ ಪಟ್ಟಿ ಈ ವಾರ. ಆಮೇಲೆ ಕಂಪ್ರೆಷನ್, ವಾಲ್ವ್, ಇಗ್ನಿಷನ್. ಅದು ಸರಿ ಬಂದರೆ ಇಂಜೆಕ್ಷನ್, ಹೆಡರ್, ಸೆನ್ಸರ್. ಕ್ಯಾಟಿನ ಜಾಗದಲ್ಲಿ ಸದ್ಯ ಅಷ್ಟೇ ಉದ್ದದ ಖಾಲಿ ಪೈಪ್ ಹಾಕಿ ಓಡಿಸುವ. ಸೆನ್ಸರ್ ಮೀಟರಿನಲ್ಲಿ ಲೆಕ್ಕ ನಿಂತ ಮೇಲೆ ಮಾತ್ರ ಆ ಪೈಪ್ ಬಿಚ್ಚಿ ಕ್ಯಾಟ್ ಕೂರಿಸುವುದು. ಅಲ್ಲಿಯವರೆಗೆ ಕ್ಯಾಟ್ ಕೊಳ್ಳಬೇಡಿ. ವಾಲ್ವ್ ಸಂದು 0.15 ಮಿಲಿಮೀಟರ್ ಇಡಬೇಕು, ಅದನ್ನು ಅಳೆಯುವುದು ಇಂಜಿನ್ ಪೂರ್ತಿ ತಣಿದಾಗ. ಹಾಗಾಗಿ ಗುರುವಾರ ಸಂಜೆ ಗಾಡಿ ಇಲ್ಲೇ ಬಿಟ್ಟುಹೋಗಿ, ಶುಕ್ರವಾರ ರಜೆ. ಶನಿವಾರ ಬೆಳಿಗ್ಗೆ ಶುರು ಮಾಡ್ತೇನೆ.